ಪೆಟ್ಟು ಮತ್ತು ಬಯಲು

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಗಣಪತಿಗೆ ಜನರು ಇಟ್ಟ ಹೆಸರು ಘಂಟೆ ಗಣಪತಿ. ಹರಕೆ ಹೊತ್ತವರು ಒಪ್ಪಿಸಿದ ಘಂಟೆಗಳು ಅಲ್ಲಿ ಸಾಲುಸಾಲಾಗಿ ತೂಗುತ್ತವೆ. ನಾನು ಅಲ್ಲಿಗೆ ಹೋದದ್ದು ಹರಕೆ ತೀರಿಸಲು ಅಲ್ಲ. ಒಂದು ಕೆಲಸದಲ್ಲಿ ಸೋತು.

ಲೆಡ್ ಜೆಪ್ಲಿನ್ ಎಂಬ ಆಂಗ್ಲ ವಾದ್ಯವೃಂದದ 'ವೆನ್ ದ ಲೆವೀ ಬ್ರೇಕ್ಸ್' ಹಾಡು ಹೊರಬಂದದ್ದು 1971ರಲ್ಲಿ. ಅದರಲ್ಲಿ ಜಾನ್ ಬಾನಮ್ ಬಾರಿಸಿದ ಡ್ರಮ್ಮಿನ ನಾದವನ್ನು ಗಣಕಯಂತ್ರದಲ್ಲಿ ಮರಳಿ ಹುಟ್ಟಿಸಬೇಕೆಂಬುದು ನನ್ನ ಹಟ. ಯಂತ್ರವು ಒಂದು ಸೆಕೆಂಡಿನ ಶಬ್ದವನ್ನು 44,100 ಬಾರಿ ಅಳೆದು ಅಂಕಿಗಳಾಗಿ ಕೂಡಿಟ್ಟುಕೊಳ್ಳುತ್ತದೆ. ಹಾಗೆ ಕೂಡಿಟ್ಟ ಪೆಟ್ಟುಗಳನ್ನು ಪೋಣಿಸಿದೆ. ತಾಳ ತಪ್ಪಲಿಲ್ಲ, ಜೀವ ಬರಲಿಲ್ಲ.

ಊರಿಗೆ ಬಂದಾಗ ದೊಡ್ಡಪ್ಪನಿಗೆ ಕೇಳಿಸಿದೆ. 40 ವರ್ಷ ಯಕ್ಷಗಾನದ ಮೇಳಗಳಲ್ಲಿ ಚಂಡೆ ಬಾರಿಸಿದ ಅವರ ಕೈ ಈಗ ನಡುಗುತ್ತದೆ. ಕಿವಿ ಮಾತ್ರ ಹಾಗೆಯೇ ಇದೆ. ಕಣ್ಣು ಮುಚ್ಚಿ ಕೇಳಿ, "ಪೆಟ್ಟು ಸಮಾ ಇದ್ದು ತಮಾ, ಬಯಲೇ ಇಲ್ಲೆ" ಎಂದರು. ಮರುದಿನ ಚಂದಗುಳಿಗೆ ಕರೆದೊಯ್ದರು.

ಅಲ್ಲಿ ಒಂದೇ ಘಂಟೆಯನ್ನು ಹತ್ತು ಬಾರಿ ಬಾರಿಸೆಂದರು. ಹತ್ತೂ ಬೇರೆ ಬೇರೆ. ಪೆಟ್ಟಿನ ಭಾರ, ನಾಲಗೆ ತಗುಲಿದ ಜಾಗ ಬದಲಾದಂತೆ ನಾದವೂ ಬದಲಾಗುತ್ತಿತ್ತು. ಘಂಟೆಯಲ್ಲಿ ಹಲವು ಸ್ವರಗಳು ಒಮ್ಮೆಗೇ ಹುಟ್ಟುತ್ತವೆ. ಮೇಲಿನವು ಬೇಗ ಆರುತ್ತವೆ, ಕೆಳಗಿನವು ಉಳಿಯುತ್ತವೆ. ನನ್ನ ಯಂತ್ರವೋ ಒಂದೇ ಪೆಟ್ಟನ್ನು ಅಚ್ಚೊತ್ತಿದಂತೆ ನೂರು ಸಲ ಒಪ್ಪಿಸುತ್ತಿತ್ತು. ಬಳಿಕ ಅಂಗಳಕ್ಕೆ ಬಂದು ನಿಂತೆ; ದೊಡ್ಡಪ್ಪ ಒಳಗೆ ಅದೇ ಘಂಟೆಯನ್ನು ಬಾರಿಸಿದರು. ಅದು ಬೇರೆಯೇ ಘಂಟೆಯೆನಿಸಿತು.

ಆಗ ಬಾನಮ್ಮನ ಗುಟ್ಟಿನ ಅರ್ಥವಾಯಿತು. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬುದು 1795ರಲ್ಲಿ ಬಡವರ ವಸತಿಗೆಂದು ಕಟ್ಟಿದ ಮನೆ. ಡ್ರಮ್ಮುಗಳನ್ನು ಅದರ ಮೆಟ್ಟಿಲ ಬುಡದಲ್ಲಿಟ್ಟು, ತಂತ್ರಜ್ಞ ಆ್ಯಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲೆ, ಮೆಟ್ಟಿಲ ಬಳಿ ತೂಗುಹಾಕಿದ್ದರು. ನಾವು ಕೇಳುವುದು ಡ್ರಮ್ಮನ್ನಷ್ಟೇ ಅಲ್ಲ, ಆ ಮನೆಯನ್ನು.

ನಾನೂ ಒಂದೊಂದು ಪೆಟ್ಟಿಗೆ ಹಲವು ಬಗೆಗಳನ್ನು ಕೂಡಿಸಿದೆ. ಊರಿನ ಹಳೆಯ ಮನೆಯೊಂದರ ಮೆಟ್ಟಿಲ ಬಳಿ ಬಲೂನು ಒಡೆದು, ಅದರ ಪ್ರತಿಧ್ವನಿಯನ್ನು ಮುದ್ರಿಸಿಕೊಂಡೆ. ಗಣಿತದ ಮೂಲಕ ಆ ಮನೆಯ ಗುಣವನ್ನು ಪ್ರತಿಯೊಂದು ಪೆಟ್ಟಿಗೂ ಬೆರೆಸಲು ಸಾಧ್ಯ. ಬಾನಮ್ಮನ ನಾದ ಪೂರ್ತಿ ಕೈಗೆ ಸಿಕ್ಕಿತೆನ್ನಲಾರೆ; ಹತ್ತಿರ ಬಂತು.

ಕೇಳಿದ ದೊಡ್ಡಪ್ಪ ಏನೂ ಹೇಳಲಿಲ್ಲ. ಅಟ್ಟದಿಂದ ಚಂಡೆ ಇಳಿಸಲು ಹೇಳಿ, ಅಂಗಳದಲ್ಲಿ ಕುಳಿತು ಬಾರಿಸಿದರು. ಐದು ನಿಮಿಷಕ್ಕೆ ಕೈ ಸೋತಿತು. ಅಷ್ಟನ್ನೂ ಮುದ್ರಿಸಿಕೊಂಡಿದ್ದೇನೆ. ಅದರಲ್ಲಿ ಕೆಲವು ಪೆಟ್ಟುಗಳು ನಡುಗಿವೆ. ತಿದ್ದಲು ನನ್ನ ಬಳಿ ಸಲಕರಣೆ ಇದೆ, ತಿದ್ದಿಲ್ಲ.