ಗಾಲಿ, ಗಾಳಿ ಮತ್ತು ಕಮಾನು

ಯಲಬುರ್ಗಾ ಅಥವಾ ಕುಷ್ಟಗಿ ಕಡೆಯ ಹಳ್ಳಿಯೊಂದರಿಂದ ರೋಗಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಕೊಪ್ಪಳದ ಆಸ್ಪತ್ರೆಗೆ ಕರೆತರುವ ಪ್ರಸಂಗವನ್ನು ನೆನೆಯೋಣ. ದಾರಿಯ ಒಂದೊಂದು ತಗ್ಗೂ ಅವನ ಮೈಗೆ ತಾಗುತ್ತದೆ. ಎರೆಯ ನೆಲ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅದರ ಮೇಲಣ ರಸ್ತೆ ಬಹುಕಾಲ ಸಮನಾಗಿ ನಿಲ್ಲದು. ಹೀಗಿರುವಲ್ಲಿ, ಅದೇ ದಾರಿಯಲ್ಲಿ ಒಂದು ಗಾಡಿ ತೊಟ್ಟಿಲಿನಂತೆ ಸಾಗಿದರೆ ಇನ್ನೊಂದು ಎಲುಬುಗಳನ್ನೇ ಕುಲುಕಿಸುವುದೇಕೆ?

ನಮ್ಮ ಎತ್ತಿನ ಬಂಡಿಯಿಂದ ವಿಚಾರವನ್ನು ಆರಂಭಿಸುವುದು ಲೇಸು. ಅದರ ಗಾಲಿ ದೊಡ್ಡದು. ಆದಕಾರಣ ಸಣ್ಣ ತಗ್ಗಿನೊಳಕ್ಕೆ ಆಳವಾಗಿ ಇಳಿಯದು. ಆದರೆ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿ ಬಾಗುವುದಿಲ್ಲ. ಅಚ್ಚಿನ ಮೇಲೆ ಕಮಾನೂ ಇಲ್ಲ. ಕಲ್ಲಿನ ಪೆಟ್ಟು ನೇರವಾಗಿ ಕುಳಿತವರ ಬೆನ್ನಿಗೆ ಬರುತ್ತದೆ. 1888ರಲ್ಲಿ ಡನ್ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಅಂತಹ ಟೈರು ಹರಳುಕಲ್ಲುಗಳನ್ನು ತನ್ನಲ್ಲಿಯೇ ಅಡಗಿಸಿಕೊಳ್ಳುತ್ತದೆ; ದೊಡ್ಡ ತಗ್ಗಿನ ಪೆಟ್ಟನ್ನು ಕಮಾನು ಹೊರುತ್ತದೆ.

ಕಮಾನೊಂದೇ ಇದ್ದರೆ ಸಾಲದು. ಒಮ್ಮೆ ಅದುಮಿದ ಕಮಾನು ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ಎಣ್ಣೆಯ ತಡೆಯಿಂದ ಶಮನಗೊಳಿಸುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ಸೆಕೆಂಡಿಗೆ ಒಂದೆರಡು ಸಲದ ಮೆಲ್ಲನೆಯ ಏರಿಳಿತವನ್ನು ನಮ್ಮ ದೇಹ ಸಹಿಸುತ್ತದೆ. ಅದು ನಡಿಗೆಯ ಲಯಕ್ಕೆ ಸಮೀಪವಾದುದು. ನಾಲ್ಕರಿಂದ ಎಂಟು ಸಲದ ನಡುಕವಾದರೋ ದೇಹಕ್ಕೆ ಬಹಳ ಬಾಧಕ.

ಈಚೆಗೆ ಗಂಗಾವತಿಯಂತಹ ಪಟ್ಟಣಗಳಲ್ಲಿಯೂ ಕಾರಿಗೆ ದೊಡ್ಡ ರಿಮ್ಮು ಹಾಕಿಸುವ ಮೋಹ ಕಾಣುತ್ತದೆ. ಇದು ಬಂಡಿಯ ದೊಡ್ಡ ಗಾಲಿಯಂತಲ್ಲವೇ ಎಂದು ಕೇಳಬಹುದು. ಅಲ್ಲ. ಗಾಲಿಯ ಒಟ್ಟು ಎತ್ತರ ಅಷ್ಟೇ ಇದ್ದು ರಿಮ್ಮು ಮಾತ್ರ ಹಿಗ್ಗಿದರೆ, ಕುಗ್ಗುವುದು ಟೈರಿನ ಪಕ್ಕೆ. ಪೆಟ್ಟನ್ನು ನುಂಗುವ ಗಾಳಿಯ ದಿಂಬು ತೆಳುವಾಗುತ್ತದೆ. ಗಾಲಿಯ ತೂಕವೂ ಹೆಚ್ಚಿದರೆ, ಅದು ನೆಲದ ಏರುತಗ್ಗನ್ನು ಚುರುಕಾಗಿ ಅನುಸರಿಸಲಾರದು. ಅಂದವನ್ನು ಕೊಂಡು ಸುಖವನ್ನು ಮಾರಿದಂತಾಯಿತು.

ಗಾಳಿಯ ವಿಷಯದಲ್ಲಿಯೂ ಎಚ್ಚರ ಬೇಕು. ಅತಿಯಾಗಿ ತುಂಬಿದರೆ ಟೈರು ಬಂಡಿಯ ಪಟ್ಟಿಯಂತೆ ಗಡುಸಾಗುತ್ತದೆ. ಸುಖಕ್ಕೆಂದು ಬಹಳ ಇಳಿಸಿದರೆ ಪಕ್ಕೆಗಳು ಮಡಿಮಡಿದು ಕಾದು, ನಮ್ಮ ಬೇಸಗೆಯಲ್ಲಿ ಒಡೆಯುವ ಅಪಾಯ ಹೆಚ್ಚುತ್ತದೆ. ತಯಾರಕರು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದ ಅಳತೆಯನ್ನು, ಟೈರು ತಣ್ಣಗಿರುವಾಗಲೇ ನೋಡಿ ಪಾಲಿಸತಕ್ಕದ್ದು.

ಕಡೆಯದಾಗಿ ಒಂದು ಸುಲಭ ಪರೀಕ್ಷೆ. ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿರಿ. ಒಮ್ಮೆ ಎದ್ದು ನೆಲೆಗೊಂಡರೆ ಸರಿ. ಮತ್ತೆ ಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರ್ ಸವೆದಿದೆಯೆಂದು ಸಂದೇಹಿಸಿ ಕಾರ್ಖಾನೆಗೆ ಒಯ್ಯಿರಿ. ಸವೆದ ಗಾಡಿಯ ಗಾಲಿ ತಗ್ಗು ದಾಟುವಾಗ ನೆಲವನ್ನೇ ಬಿಟ್ಟು ನೆಗೆಯುತ್ತದೆ; ನೆಲ ಬಿಟ್ಟ ಗಾಲಿಗೆ ಬ್ರೇಕು ಎಲ್ಲಿಯದು? ಒಳಗೆ ಮಲಗಿದ ರೋಗಿಯ ನೆಮ್ಮದಿಯನ್ನೂ ಎದುರಿಗೆ ಬರುವವರ ಪ್ರಾಣವನ್ನೂ ಕಾಯುವುದು ಈ ಒಂದೇ ಸಾಧನವೆಂಬುದನ್ನು ನಾವು ಮರೆಯಬಾರದು.