ಹುಣ್ಣಿಮೆಗೆ ಬೆಟ್ಟ ಹತ್ತದವರು

ಹುಣ್ಣಿಮೆ ಬಂತೆಂದರೆ ಅರಸೀಕೆರೆ ಸೀಮೆಯ ಜನ ಜೇನುಕಲ್ಲು ಸಿದ್ದೇಶ್ವರನ ಬೆಟ್ಟದ ಕಡೆ ಹೊರಡುತ್ತಾರೆ. ಹರಕೆ ಹೊತ್ತವರು, ಮಗಳಿಗೆ ಸಂಬಂಧ ಕೂಡಿಬರಲೆಂದು ಬೇಡುವವರು, ಸುಮ್ಮನೆ ಜೊತೆಗೆ ನಡೆಯುವವರು. ಗಂಡಸಿಯಂಥ ಊರಿನಲ್ಲಿ ದೇವರನ್ನು ನಂಬದೆ ಬದುಕುವವರಿಗೆ ಆ ದಿನ ಮನೆ ಬಿಕೋ ಎನ್ನುತ್ತದೆ. ಮಕ್ಕಳು ಬೆಂಗಳೂರು ಸೇರಿದ್ದರಂತೂ ಕೇಳುವುದೇ ಬೇಡ.

ಭಕ್ತರಿಗೆ ಸಿಗುವುದು ದೇವರೊಬ್ಬನೇ ಅಲ್ಲ. ಒಂದು ವಾರ ಭಜನೆಗೆ ಹೋಗದಿದ್ದರೆ "ಯಾಕೆ, ಹುಷಾರಿರಲಿಲ್ವಾ?" ಎಂದು ವಿಚಾರಿಸುವವರೂ ಸಿಗುತ್ತಾರೆ. ಸಾವಾದ ಮನೆಯಲ್ಲಿ ತಿಥಿಯವರೆಗೆ ಯಾರು ಬರಬೇಕು, ಯಾರು ಅಡುಗೆ ತರಬೇಕು ಎಂಬುದು ಊರಿಗೇ ಗೊತ್ತು. ಕಾರ್ಯ ಬೇಡವೆಂದವರ ಮನೆಗೆ ಬರಲು ಜನರಿಗೆ ನೆಪವೇ ಉಳಿಯುವುದಿಲ್ಲ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ದೇಶದಲ್ಲಿ ಸುಮಾರು 28.7 ಲಕ್ಷ, ಅಂದರೆ ಶೇ 0.24 ಮಾತ್ರ. ಅವರೆಲ್ಲ ನಾಸ್ತಿಕರೂ ಅಲ್ಲ. ಹಳ್ಳಿಯ ನಾಸ್ತಿಕರು ಬಹುಪಾಲು ಮನೆಯವರು ಬರೆಸಿದ ಧರ್ಮದ ಲೆಕ್ಕಕ್ಕೇ ಸೇರಿರುತ್ತಾರೆ.

ಇಂಥವರ ಬಗ್ಗೆ ಯೋಚಿಸುವಾಗ ನನಗೆ ಎಚ್. ನರಸಿಂಹಯ್ಯ ನೆನಪಾಗುತ್ತಾರೆ. 1920ರಲ್ಲಿ ಗೌರಿಬಿದನೂರು ಬಳಿಯ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ ದೊಡ್ಡವರನ್ನೆಲ್ಲ ಎದುರು ಹಾಕಿಕೊಂಡರು. ನಾವು ನೆನೆಯುವುದು ಆ ಜಗಳವನ್ನೇ. ನನಗೆ ಮುಖ್ಯವಾಗಿ ಕಾಣುವುದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆ. ಮದುವೆಯಾಗದ ಅವರು ದಶಕಗಳ ಕಾಲ ವಿದ್ಯಾರ್ಥಿಗಳ ನಡುವೆ ಅಲ್ಲೇ ಇದ್ದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನದ ಉಪನ್ಯಾಸಕ್ಕೆ ಜನ ಬಂದು ಕೂರುವ ರೂಢಿ ಬೆಳೆಸಿದರು. ವಿಚಾರವಾದ ಅವರನ್ನು ಒಂಟಿ ಮಾಡಲಿಲ್ಲವೆಂದರೆ, ಆ ಹುಡುಗರ ಓಡಾಟ, ಆ ಸಭೆಗಳೇ ಅದಕ್ಕೆ ಕಾರಣವೆಂದು ನಾನು ನಂಬುತ್ತೇನೆ.

ಶಿವರಾಮ ಕಾರಂತರ 'ಅಳಿದ ಮೇಲೆ' ಕಾದಂಬರಿಯ ಯಶವಂತರಾಯರು ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಂಡವರು. ಅವರು ಯಾರಿಗೆ ಏನಾಗಿದ್ದರೆಂಬುದು ನಿರೂಪಕ ಅವರವರನ್ನು ಹುಡುಕಿಕೊಂಡು ಹೋದ ಮೇಲೆ ತಿಳಿಯುತ್ತದೆ. ನಮ್ಮ ಊರುಗಳಲ್ಲಿ ಅಷ್ಟು ತಡವಾಗಬಾರದು.

ಗಂಡಸಿ ಕಡೆ ದೇವರ ಹಂಗಿಲ್ಲದ ಸಹವಾಸ ಇಲ್ಲವೆಂದಲ್ಲ. ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಸದ್ದು ಮಾಡುತ್ತದೆ. ಆಮೇಲೆ ಸುಲಿಯುವವರು, ಚಿಪ್ಪು ಒಡೆಯುವವರು ಸುತ್ತ ಕೂರುತ್ತಾರೆ. ಬೆಲೆ ಕುಸಿದದ್ದು, ಮೊಮ್ಮಗನ ಪರೀಕ್ಷೆ, ಯಾರದೋ ಮಂಡಿನೋವು, ಎಲ್ಲ ಅಲ್ಲಿ ಬರುತ್ತದೆ. ಆದರೆ ಲೋಡು ಹೋದ ಮೇಲೆ ಅಂಗಳ ಖಾಲಿ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ವಾರಕ್ಕೊಂದು ಸಂಜೆ ಅಲ್ಲಿ ಪೇಪರ್ ಓದಿ ಮಾತಾಡಲು ಹತ್ತು ಕುರ್ಚಿ ಹಾಕಿದರೆ ಸಾಕು. ಭಕ್ತರೂ ಬರಲಿ, ನಂಬದವರೂ ಬರಲಿ. ಬರಬೇಕಾದವರು ಬಾರದಿದ್ದರೆ ಮಾರನೆಯ ಬೆಳಿಗ್ಗೆ ಅವರ ಮನೆಗೆ ಹೋಗಿ ನೋಡಿಬರುವ ಕೆಲಸವನ್ನು ಒಬ್ಬರು ಒಪ್ಪಿಕೊಳ್ಳಬೇಕು.