ಎರಡೂವರೆ ಮಿಲಿಮೀಟರ್ ಅಗಲದ ಸಂಗೀತ

ಆನಗೋಡಿನಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಹೆಚ್ಚೂಕಡಿಮೆ ಹದಿನೈದು ಕಿಲೋಮೀಟರ್. ಎರಡೂವರೆ ತಾಸಿನ ಒಂದು ಹಳೇ ಕನ್ನಡ ಸಿನಿಮಾದ ರೀಲುಗಳನ್ನೆಲ್ಲ ಬಿಚ್ಚಿ ಈ ರಸ್ತೆಯ ಅಂಚಿಗೆ ಹಾಸುತ್ತ ಹೋದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ನಾಲ್ಕು ಸಿನಿಮಾ ಹಾಸುವಷ್ಟರಲ್ಲಿ ದಾವಣಗೆರೆ ಬಂತು. ಇನ್ನು ನಾಲ್ಕು ಸಿಕ್ಕರೆ ಹರಿಹರದ ತುಂಗಭದ್ರೆಯ ದಡ. ಲೆಕ್ಕ ಸರಳ: 35 ಎಂ.ಎಂ. ಫಿಲ್ಮು ಪ್ರೊಜೆಕ್ಟರಿನಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ, ಸೆಕೆಂಡಿಗೆ 24 ಚೌಕಟ್ಟು. 150 ನಿಮಿಷಕ್ಕೆ 13,500 ಅಡಿ, 2,16,000 ಚೌಕಟ್ಟು.

ಇದರಲ್ಲಿ ಸಂಗೀತ ಇರುವುದೆಲ್ಲಿ? ಚಿತ್ರದ ಪಕ್ಕದಲ್ಲಿ, ರಂಧ್ರಗಳ ಸಾಲಿಗೆ ಒತ್ತಿಕೊಂಡಂತೆ, ಅಂಕುಡೊಂಕಾದ ಒಂದು ಬಿಳಿ ಗೆರೆ. ಅದರ ಪಟ್ಟಿಯ ಅಗಲ ಸುಮಾರು ಎರಡೂವರೆ ಮಿಲಿಮೀಟರ್. ಡಿಜಿಟಲ್ ಬರುವವರೆಗೆ ದಾವಣಗೆರೆಯ ಅಶೋಕ, ವಸಂತ, ತ್ರಿಶೂಲ್ ಟಾಕೀಸುಗಳಲ್ಲಿ ಜನ ಕೇಳಿದ ಹಾಡು, ಅಳು, ಗುಡುಗು, ಪಿಟೀಲು ಎಲ್ಲವೂ ಆ ಗೆರೆಯಿಂದಲೇ ಹುಟ್ಟಬೇಕಿತ್ತು. ಸಣ್ಣ ದೀಪವೊಂದರ ಬೆಳಕು ಗೆರೆಯನ್ನು ದಾಟಿ ಫೋಟೋಸೆಲ್‌ಗೆ ಬೀಳುತ್ತದೆ. ಗೆರೆ ಅಗಲವಾದಲ್ಲಿ ಹೆಚ್ಚು ಬೆಳಕು, ಕಿರಿದಾದಲ್ಲಿ ಕಡಿಮೆ. ಆ ಏರಿಳಿತವೇ ವಿದ್ಯುತ್ತಾಗಿ, ಪರದೆಯ ಹಿಂದಿನ ಸ್ಪೀಕರಿನಲ್ಲಿ ದನಿಯಾಗುತ್ತಿತ್ತು. ಇಡೀ ಸಿನಿಮಾದ ಶಬ್ದವನ್ನೆಲ್ಲ ಕತ್ತರಿಸಿ ಒತ್ತೊತ್ತಾಗಿ ಜೋಡಿಸಿದರೆ ಹತ್ತಡಿ–ಹನ್ನೊಂದಡಿ ಕೋಣೆಯ ನೆಲ ತುಂಬುತ್ತದೆ, ಅಷ್ಟೇ. ಐದು ನಿಮಿಷದ ಹಾಡಿಗೆ ಬೇಕಾದ ಜಾಗ ಎರಡಡಿ ಚೌಕಕ್ಕಿಂತ ಕಡಿಮೆ.

ಒಂದು ವಿಚಿತ್ರ ನನ್ನನ್ನು ಯಾವತ್ತೂ ಬಿಟ್ಟಿಲ್ಲ. ಫಿಲ್ಮಿನ ಮೇಲೆ ನಾಯಕಿಯ ಮುಖ ಮತ್ತು ಆಕೆಯ ಹಾಡು ಅಕ್ಕಪಕ್ಕ ಇರುವುದಿಲ್ಲ. ಚಿತ್ರ ಪರದೆಗೆ ಬೀಳಲು ಪ್ರತಿ ಚೌಕಟ್ಟೂ ಕ್ಷಣಮಾತ್ರ ನಿಲ್ಲಬೇಕು. ಶಬ್ದಕ್ಕೆ ಫಿಲ್ಮು ಎಲ್ಲೂ ನಿಲ್ಲದೆ ಹರಿಯಬೇಕು. ಹೀಗಾಗಿ ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಓದಬೇಕಾಯಿತು, ಶಬ್ದವನ್ನು ಸುಮಾರು 20 ಚೌಕಟ್ಟು ಮುಂದಕ್ಕೆ ಮುದ್ರಿಸಬೇಕಾಯಿತು. ರೀಲಿನ ಮೇಲೆ ಸಂಗೀತ ಚಿತ್ರಕ್ಕಿಂತ 38 ಸೆಂಟಿಮೀಟರ್ ಮುಂದೆ ನಡೆಯುತ್ತದೆ.

ಇನ್ನು ಗಾಳಿಯ ಲೆಕ್ಕ. ಚಿತ್ರಮಂದಿರದ ಸ್ಪೀಕರುಗಳನ್ನು ಹೊಂದಿಸುವಾಗ ಇಟ್ಟುಕೊಳ್ಳುವ ಮಟ್ಟ 85 ಡೆಸಿಬೆಲ್. ಆ ದನಿ ಗಾಳಿಯ ಒತ್ತಡವನ್ನು ಅಲುಗಿಸುವುದು ಒಂದು ಪಾಸ್ಕಲ್‌ನ ಮೂರನೇ ಒಂದು ಪಾಲಿನಷ್ಟು. ನಮ್ಮ ಮೇಲಿರುವ ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿ 1,01,325 ಪಾಸ್ಕಲ್. ಅಂದರೆ ಬದಲಾಗುವುದು ಸುಮಾರು ಮೂರು ಲಕ್ಷದಲ್ಲಿ ಒಂದು ಪಾಲು. ಕೂತಲ್ಲೇ ತಲೆಯನ್ನು ಮೂರು ಸೆಂಟಿಮೀಟರ್ ಮೇಲೆತ್ತಿದರೂ ಒತ್ತಡ ಅಷ್ಟೇ ಬದಲಾಗುತ್ತದೆ! ಗಾಂಧಿ ಕ್ಲಾಸಿನಿಂದ ಬಾಲ್ಕನಿಗೆ ಹತ್ತಿದವರು ಅದರ ನೂರು ಪಟ್ಟು ಬದಲಾವಣೆಯನ್ನು ಗೊತ್ತೇ ಆಗದೆ ದಾಟಿರುತ್ತಾರೆ. ಮೆಟ್ಟಿಲು ಹತ್ತಿದ್ದಕ್ಕೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಅದರ ನೂರನೇ ಒಂದು ಪಾಲು ಒತ್ತಡ ಸೆಕೆಂಡಿಗೆ ನೂರಾರು ಸಲ ಅಲುಗಿ, ಆ ಅಲುಗಾಟಕ್ಕೆ ಶಹನಾಯಿಯ ಮೈ ಬಂದರೆ ಮಾತ್ರ ಒಂದು ಟಾಕೀಸು ಪೂರ್ತಿ ಗಂಟಲು ಕಟ್ಟಿ ಕೂರುತ್ತದೆ.

ಶಹನಾಯಿ ಎಂದದ್ದು ಸುಮ್ಮನೆ ಅಲ್ಲ. 1977ರ 'ಸನಾದಿ ಅಪ್ಪಣ್ಣ' ನನ್ನ ಪಾಲಿಗೆ ಕನ್ನಡದ ಅತ್ಯಂತ ಪ್ರೀತಿಯ ಚಿತ್ರಸಂಗೀತ. ಜಿ.ಕೆ. ವೆಂಕಟೇಶ್ ಅವರ ಸಂಗೀತ. ರಾಜ್‌ಕುಮಾರ್ ತುಟಿಗಿಟ್ಟ ವಾದ್ಯಕ್ಕೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಕಾಶಿಯ ಉಸಿರು ನಮ್ಮ ಸೀಮೆಯ ಓಲಗದವನ ಕಥೆಯೊಳಗೆ ಹೊಕ್ಕಿತು. ಅದನ್ನು ಹಿಡಿದಿಡಲು ಆ ಎರಡೂವರೆ ಮಿಲಿಮೀಟರೇ ಸಾಕಾಯಿತು.

ಕಿವಿಯ ಒಳಗಿನ ಸಂಖ್ಯೆಗಳು ಇನ್ನೂ ಚಿಕ್ಕವು. ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾದಲ್ಲಿ, ಕೇಳಿದ್ದನ್ನು ಮಿದುಳಿಗೆ ಮುಟ್ಟಿಸುವ ಒಳಸಾಲಿನ ರೋಮಕೋಶಗಳು ಒಂದು ಕಿವಿಗೆ ಸುಮಾರು 3,500. ಕಣ್ಣಿನ ಅಕ್ಷಿಪಟದಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು ಹತ್ತು ಕೋಟಿ. ಸಿನಿಮಾ ನೋಡುವುದಕ್ಕೆ ಕೋಟಿಗಟ್ಟಲೆ, ಕೇಳುವುದಕ್ಕೆ ಬರೀ ಸಾವಿರಗಟ್ಟಲೆ. ಆದರೂ ದುಃಖದ ದೃಶ್ಯದಲ್ಲಿ ದನಿ ಪೂರ್ತಿ ತಗ್ಗಿಸಿ ನೋಡಿ, ಮುಖ ಬರೀ ಮುಖವಾಗಿ ಉಳಿಯುತ್ತದೆ. ಅದೇ ಹಾಡನ್ನು ಹೊಲದ ಬದುವಿನ ಮೇಲೆ, ಪರದೆಯೇ ಇಲ್ಲದೆ ಕೇಳಿದರೂ ಎದೆ ತುಂಬುತ್ತದೆ. ಟೂರಿಂಗ್ ಟಾಕೀಸಿನ ಕಾಲದವರಿಗೆ ಇದು ಚೆನ್ನಾಗಿ ಗೊತ್ತು. ಆಟ ಶುರುವಾಗುವ ಮುಂಚೆ ಟೆಂಟಿನ ಮೈಕಿನಲ್ಲಿ ಘಂಟಸಾಲ ಹಾಡಿದ ವೆಂಕಟೇಶ್ವರನ ಭಕ್ತಿಗೀತೆ ಬಂದರೆ, ಒಂದು ಕಿಲೋಮೀಟರ್ ದೂರದ ಹೊಲಕ್ಕೆ ಅದು ಮೂರು ಸೆಕೆಂಡಿನಲ್ಲಿ ಮುಟ್ಟುತ್ತಿತ್ತು. ಸಂಜೆ ನೆಲ ತಣ್ಣಗಾದಾಗ ಮೇಲಿನ ಬೆಚ್ಚನೆ ಗಾಳಿ ದನಿಯನ್ನು ಕೆಳಕ್ಕೆ ಬಾಗಿಸುವುದರಿಂದ ಹಗಲಿಗಿಂತ ದೂರ ಹೋಗುತ್ತಿತ್ತು. ಎತ್ತು ಬಿಚ್ಚಿ ಓಡಿದವರೆಷ್ಟೋ!

ಇಷ್ಟು ಕಡಿಮೆ ಸರಕಿನಿಂದ ಇಷ್ಟು ದೊಡ್ಡ ಭಾವ ಹೇಗೆ ಎದ್ದೀತು? 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಮೆಚ್ಚಿನ ಸಂಗೀತ ಕೇಳಿ ಮೈ ಜುಂ ಎನ್ನುವವರ ಮಿದುಳನ್ನು ಪರೀಕ್ಷಿಸಿದರು. ರೋಮಾಂಚನದ ಗಳಿಗೆಯಲ್ಲಿ ಡೋಪಮೈನ್ ಹೊಮ್ಮುವುದು ಕಂಡಿತು. ಅದಕ್ಕಿಂತ ದೊಡ್ಡ ಸಂಗತಿ ಎಂದರೆ, ಆ ಗಳಿಗೆಗೆ ಕೆಲವು ಸೆಕೆಂಡು ಮುಂಚೆ, ಬರಲಿರುವುದನ್ನು ಕಾಯುತ್ತಿರುವಾಗಲೇ, ಮಿದುಳಿನ ಇನ್ನೊಂದು ಭಾಗದಲ್ಲಿ ಅದು ಹೊಮ್ಮಿತ್ತು. ಹಿನ್ನೆಲೆ ಸಂಗೀತ ಬರೆಯುವವರು ಯಾವ ಯಂತ್ರವೂ ಇಲ್ಲದೆ ಇದನ್ನು ಬಲ್ಲವರು. ಮಧ್ಯಂತರಕ್ಕೆ ಮೊದಲು ಸಂತೋಷದಲ್ಲಿ ಹಾಡಿಸಿದ ಮಟ್ಟನ್ನು ಕೊನೆಯಲ್ಲಿ ಒಂದೇ ಕೊಳಲಿಗೆ, ಮಾತಿಲ್ಲದೆ, ನಿಧಾನಕ್ಕೆ ಕೊಡುತ್ತಾರೆ. ಎರಡನೇ ಸ್ವರಕ್ಕೇ ನಮಗೆ ಗುರುತು ಸಿಕ್ಕು, ಮೂರನೆಯದು ಬರುವ ಮೊದಲೇ ನಾವು ಸೋತಿರುತ್ತೇವೆ.

ಮಾಡಿದವರ ದುಡಿಮೆಯ ಲೆಕ್ಕಕ್ಕೆ ಬಂದರೆ ತಲೆ ತಿರುಗುತ್ತದೆ. ಜಿ.ಕೆ. ವೆಂಕಟೇಶರ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ಪಳಗಿದ ಇಳಯರಾಜ ಸಾವಿರಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ಕೊಟ್ಟರು. ಎಲ್ಲವೂ ರೀಲಿನಲ್ಲೇ ಇದ್ದು, ಹಾಸಿದ್ದರೆ 4,000 ಕಿಲೋಮೀಟರ್. ಉತ್ತರದಿಂದ ದಕ್ಷಿಣಕ್ಕೆ ಭಾರತದ ಉದ್ದವೇ ಸುಮಾರು 3,200. ಎಸ್.ಪಿ. ಬಾಲಸುಬ್ರಹ್ಮಣ್ಯಂ 1981ರ ಫೆಬ್ರವರಿ 8ರಂದು ಬೆಳಗ್ಗೆ 9ರಿಂದ ರಾತ್ರಿ 9ರೊಳಗೆ ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ 21 ಕನ್ನಡ ಹಾಡು ಹಾಡಿದ ಸುದ್ದಿ ಎಲ್ಲರಿಗೂ ಗೊತ್ತು. ಒಂದು ಹಾಡಿಗೆ ಸರಾಸರಿ 34 ನಿಮಿಷ. ಅಷ್ಟರಲ್ಲೇ ಮಟ್ಟು ಕಲಿಯಬೇಕು, ಸಾಹಿತ್ಯ ಬರೆದುಕೊಳ್ಳಬೇಕು, ಭಾವ ಹಿಡಿಯಬೇಕು, ಹಾಡಬೇಕು. ಈ ವೇಗದಿಂದ ಉಪೇಂದ್ರ ಕುಮಾರ್ ಅವರನ್ನು ಅಳೆಯುವುದು ಅನ್ಯಾಯ: 'ಜೀವನ ಚೈತ್ರ'ದಲ್ಲಿ ರಾಜ್‌ಕುಮಾರ್ ಅವರಿಗೆ 1992ರ ರಾಷ್ಟ್ರಪ್ರಶಸ್ತಿ ತಂದ ರಾಗಭಾರದ ಹಾಡೂ ಅವರದೇ.

ಎಸ್‌ಪಿಬಿ ಹಾಡಿದ್ದು 40,000 ಎಂಬ ಮಾತಿದೆ. ಅದನ್ನೇ ಹಿಡಿದು, ಹಾಡಿಗೆ ನಾಲ್ಕು ನಿಮಿಷ ಎಂದುಕೊಂಡರೆ, ಹಗಲು ರಾತ್ರಿ ನಿಲ್ಲಿಸದೆ ಕೇಳಿದರೂ 111 ದಿನ ಬೇಕು. ಅಷ್ಟೊಂದರ ನಡುವೆ ಕನ್ನಡದಿಂದ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಒಂದು ಹಾಡು, ಮತ್ತು ಆ ಚಿತ್ರ ದಾವಣಗೆರೆಯವರದು.

1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ'. ನಿರ್ದೇಶನ ಚಿಂದೋಡಿ ಬಂಗಾರೇಶ್. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಮನೆತನ. ಆ ಮನೆಯ ರಂಗನಟಿ ಲೀಲಾ ಅವರ ಹೆಸರು ಹೇಳಿದರೆ ನಮ್ಮ ಸೀಮೆಯಲ್ಲಿ ಬೇರೆ ಪರಿಚಯ ಬೇಕಿಲ್ಲ. ಸಂಗೀತ ಹಂಸಲೇಖ. ನಾಯಕ ಹುಟ್ಟು ಅಂಧ, ಹಾನಗಲ್ ತಾಲ್ಲೂಕಿನ ಹುಡುಗ, ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ ಗವಾಯಿ. ಇಂಥ ಬದುಕಿಗೆ ಹಿನ್ನೆಲೆ ಸಂಗೀತ ಎಂಬುದೇ ಇಲ್ಲ, ಅಲ್ಲಿ ಸಂಗೀತವೇ ಮುನ್ನೆಲೆ. ನಾಯಕನಿಗೆ ಲೋಕ ಕಾಣುವುದಿಲ್ಲ, ಕೇಳುತ್ತದೆ. ಪರದೆಯ ಎರಡು ಲಕ್ಷ ಚೌಕಟ್ಟುಗಳಲ್ಲಿ ಒಂದೂ ಅವರ ಪಾಲಿಗಿಲ್ಲ, ಪಕ್ಕದ ಗೆರೆಯಷ್ಟೂ ಅವರದೇ. ಶಾಸ್ತ್ರೀಯ ಸಂಗೀತದ ಕ್ರಮಬದ್ಧ ಪಾಠವಿಲ್ಲದ ಎಸ್‌ಪಿಬಿ ಅಲ್ಲಿ ಹಿಂದೂಸ್ತಾನಿ ಬಂದಿಶ್ ಹಾಡಿದರು. ಹಂಸಲೇಖರಿಗೆ ಆ ವರ್ಷದ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ, ಎಸ್‌ಪಿಬಿಗೆ ಅತ್ಯುತ್ತಮ ಗಾಯಕ ಪ್ರಶಸ್ತಿ.

ಈ ಚಿತ್ರ ಒಂದು ಡ್ರಾಮಾ ಕಂಪನಿಯ ಮನೆಯಿಂದಲೇ ಬಂದದ್ದು ನನಗೆ ಬಹಳ ಸರಿ ಅನಿಸುತ್ತದೆ. ಗವಾಯಿಗಳ ಆಶ್ರಮವೂ ಬಡತನದಲ್ಲಿ ನಾಟಕ ಕಂಪನಿ ಕಟ್ಟಿಕೊಂಡು ಊರೂರು ಅಲೆದಿತ್ತು. ಟಿಕೆಟ್ಟಿನ ದುಡ್ಡು ಅಂಧ ಮಕ್ಕಳ ಊಟಕ್ಕೆ, ಪಾಠಕ್ಕೆ. ಪಂಚಾಕ್ಷರ ಗವಾಯಿಗಳ ಶಿಷ್ಯ ಪುಟ್ಟರಾಜ ಗವಾಯಿಗಳು ಅದಕ್ಕಾಗಿಯೇ ನಾಟಕ ಬರೆದರು. ಕಾಲ್ಪೆಟ್ಟಿಗೆ, ತಬಲಾ ಇಟ್ಟುಕೊಂಡು ಬೆಳಗಿನ ಜಾವದವರೆಗೆ ಜನರನ್ನು ಅಳಿಸಿ ನಗಿಸುವುದು ಹೇಗೆಂದು ಆ ಕಂಪನಿಗೂ ಗೊತ್ತಿತ್ತು, ಚಿಂದೋಡಿಯವರ ಕಂಪನಿಗೂ ಗೊತ್ತಿತ್ತು. ಪಂಚಾಕ್ಷರ ಗವಾಯಿಗಳು ತೀರಿಕೊಂಡದ್ದು 1944ರಲ್ಲಿ. ಐವತ್ತೊಂದು ವರ್ಷದ ಮೇಲೆ, ಅದೇ ವಿದ್ಯೆ ಬಲ್ಲ ದಾವಣಗೆರೆಯ ಮನೆಯವರು ಅವರ ಹಾಡನ್ನು ಫಿಲ್ಮಿನ ಅಂಚಿಗೆ ಬರೆಸಿದರು.